ವಾಲ್ಟ್ ಅವರ ಮೊನೆ ಟೋಪಿ

ಮೊನ್ನೆ ಹಬ್ಬದ ಹಿಂದಿನ ದಿನ ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನ ನಮ್ಮ ಮನೆಯ ಅಡಿಗೆಮನೆಯಿಂದ ನೆನೆಸಿದ ಹುಣಿಸೆಹಣ್ಣಿನ ವಾಸನೆ ಬರುತ್ತಿತ್ತು. ನನ್ನ ಹೆಂಡತಿ ಸುಧಾ ದೀಪದ ಕಂಬಗಳನ್ನು ತಿಕ್ಕಲು ಕೂತಿದ್ದಳು, ರಜೆಗೆ ಬಂದಿದ್ದ ಮಗಳೂ ಜೊತೆಗೂಡಿದ್ದಳು. ಕಂಡ ಹಿತ್ತಾಳೆಯನ್ನೆಲ್ಲ ಬೆಳಗುವ ಹುಮ್ಮಸ್ಸಿನಲ್ಲಿ ಮಗಳು ನನ್ನ ಪುಸ್ತಕದ ಕಪಾಟಿನ ಮೇಲಿದ್ದ ಚರ್ಮದ ಟೋಪಿಯನ್ನೂ ಇಳಿಸಿದಳು. "ಅದನ್ನ ಮುಟ್ಟಬೇಡ" ಎಂದು ಗದರಿಬಿಟ್ಟೆ. ನಾನು ಅವಳನ್ನು ಗದರಿದ್ದು ಹುಟ್ಟಿದಾಗಿನಿಂದ ಬೆರಳೆಣಿಕೆಯಷ್ಟು ಸಲ. ಅವಳು ಟೋಪಿಯನ್ನು ಮೆಲ್ಲಗೆ ಕಪಾಟಿನ ಮೇಲೆ ವಾಪಸಿಟ್ಟಳು.

ಆ ಟೋಪಿಯನ್ನು ನೀವು ಹಳೆಯ ಯುದ್ಧದ ಚಿತ್ರಗಳಲ್ಲಿ ನೋಡಿರುತ್ತೀರಿ. ನೂರು ವರ್ಷ ಹಿಂದಿನ ಜರ್ಮನ್ ಸೈನ್ಯದ್ದು. ನೆತ್ತಿಯ ಮೇಲೆ ಈಟಿಯಂಥ ಹಿತ್ತಾಳೆಯ ಮೊನೆ. ಮನೆಗೆ ಬಂದವರೆಲ್ಲ ಅದೇನೆಂದು ಕೇಳುತ್ತಾರೆ, ನಾನೂ ಬಿಡದೆ ವಿವರಿಸುತ್ತೇನೆ. ಹನ್ನೊಂದು ವರ್ಷ ಕಾರಿನ ಕಪ್ ಹೋಲ್ಡರುಗಳನ್ನು ಡಿಸೈನ್ ಮಾಡಿದವನು ನಾನು. ಬೇರೆಯವರ ಒಳ್ಳೆಯ ಕೆಲಸ ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಚರ್ಮವನ್ನು ಬೇಯಿಸಿ, ಅಚ್ಚಿನಲ್ಲಿ ಗಟ್ಟಿ ಮಾಡಿ, ಕಪ್ಪು ಮೆರುಗು ಬಳಿದಿದ್ದಾರೆ. ಮೊನೆ ಬರೀ ಗತ್ತಿಗಲ್ಲ, ಮೇಲಿನಿಂದ ಬಿದ್ದ ಕತ್ತಿಯೇಟು ಜಾರಿಹೋಗಲೆಂದು ಎನ್ನುತ್ತಾರೆ. ಅದರ ಬುಡದಲ್ಲಿ ಸಣ್ಣ ತೂತುಗಳಿವೆ, ಬೆವರಿದ ತಲೆಗೆ ಗಾಳಿಯಾಡಲು. ಗದ್ದದ ಪಟ್ಟಿಗೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಬಿಲ್ಲೆಗಳು. ಒಳಗೆ ರೇಷ್ಮೆಯ ಅಸ್ತರು. ಬಂದವರಿಗೆ ನನ್ನ ಭಾಷಣ ಇಲ್ಲಿಗೆ ಮುಗಿಯುತ್ತದೆ. ಮುಂದಿನದನ್ನು ಹೇಳುವುದಿಲ್ಲ.

ರಿಸೆಷನ್ನಿನ ವರ್ಷಗಳಲ್ಲಿ ನಾವು ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿದ್ದೆವು. ಪಕ್ಕದ ಮನೆಯ ವಾಲ್ಟ್ ಎಂಬ ಹಿರಿಯರು ಕಾರಿನ ಭಾಗಗಳ ಕಾರ್ಖಾನೆಯಲ್ಲಿದ್ದರು. ನಮ್ಮ ಮಗಳಿಗೆ ಸೈಕಲ್ ಕಲಿಸಿದವರು ಅವರೇ. ಒಂದೇ ಚಳಿಗಾಲದಲ್ಲಿ ಅವರ ಕೆಲಸವೂ ಹೋಯಿತು, ನನ್ನದೂ ಹೋಯಿತು. ಬೆಳಿಗ್ಗೆ ಇಬ್ಬರೂ ಆಫೀಸಿಗೆ ಹೊರಟವರ ಹಾಗೆ ಶಿಸ್ತಾಗಿ ಡ್ರೈವ್‌ವೇಯ ಹಿಮ ತೆಗೆಯುತ್ತಿದ್ದೆವು. ಆಮೇಲೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಅವರ ಮನೆಗೆ ಬ್ಯಾಂಕಿನ ನೋಟಿಸು ಬಂತು. ಮಾರುವಂಥದ್ದು ಅಂತ ಉಳಿದಿದ್ದು ತಾತನ ಕಾಲದ ಈ ಟೋಪಿ ಒಂದೇ. ನನಗೆ ಶಿಕಾಗೋದಲ್ಲಿ ಒಂದು ಇಂಟರ್‌ವ್ಯೂ ಇತ್ತು. ಅಲ್ಲಿ ಇಂಥವನ್ನು ಕೊಳ್ಳುವ ವ್ಯಾಪಾರಿಯಿದ್ದಾನೆ, ತೋರಿಸಿ ಬಾ, ಮನೆ ಉಳಿದರೂ ಉಳಿಯಬಹುದು ಎಂದು ವಾಲ್ಟ್ ಅದನ್ನು ದಿಂಬಿನ ಕವರಿನಲ್ಲಿ ಸುತ್ತಿ ನನ್ನ ಕೈಗಿತ್ತರು.

ಟೋಪಿಯ ಮುಂಭಾಗದಲ್ಲಿದ್ದ ಹಿತ್ತಾಳೆಯ ಹದ್ದಿನ ಲಾಂಛನ ಕರ್ರಗಿತ್ತು. ಹೀಗೇ ಒಯ್ದರೆ ಯಾರು ಕೊಳ್ಳುತ್ತಾರೆ ಎಂದುಕೊಂಡೆ. ಹುಣಿಸೆಹಣ್ಣು, ಉಪ್ಪು ಹಾಕಿ ನಮ್ಮ ದೇವರ ಸಾಮಾನನ್ನು ತಿಕ್ಕುವ ಹಾಗೇ ತಿಕ್ಕಿದೆ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಿದೆ. ಹದ್ದು ಥಳಥಳ ಹೊಳೆಯಿತು. ಸುಧಾಳನ್ನು ಕರೆದು ತೋರಿಸಿ ಶಭಾಷ್ ಅನ್ನಿಸಿಕೊಂಡೆ.

ಶಿಕಾಗೋದ ವ್ಯಾಪಾರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದನ್ನು ಬೆಳಗಿದವರು ಯಾರು ಎಂದು ಕೇಳಿದ. ನಾನೇ ಎಂದೆ, ಹೆಮ್ಮೆಯಿಂದಲೇ. ಅವನು ಬೈಯಲಿಲ್ಲ, ಬಿಡಿಸಿ ಹೇಳಿದ. ಇದು ಅಧಿಕಾರಿಯ ಟೋಪಿ, ಹದ್ದಿಗೆ ಬಂಗಾರದ ಲೇಪವಿತ್ತು, ಕೊಳೆಯ ಜೊತೆ ನಾನು ಅದನ್ನೂ ಉಜ್ಜಿ ತೆಗೆದಿದ್ದೆ. ರೆಕ್ಕೆಯ ಸಂದಿಯಲ್ಲಿ ಉಳಿದಿದ್ದ ಒಂದು ಗೆರೆ ಬಂಗಾರವನ್ನು ಉಗುರಿನಿಂದ ತೋರಿಸಿದ. ಎಣ್ಣೆ ಕುಡಿದು ಕಪ್ಪು ಮೆರುಗೂ ಕಲೆಗಟ್ಟಿತ್ತು. ಇನ್ನು ಇದನ್ನು ನಾಟಕದವರು ಬೇಕಾದರೆ ಕೊಂಡಾರು ಎಂದು ವಾಪಸು ಕೊಟ್ಟ.

ಇಂಟರ್‌ವ್ಯೂ ಮಾತ್ರ ಚೆನ್ನಾಗಿಯೇ ಆಯಿತು, ಆ ಕೆಲಸ ನನಗೆ ಸಿಕ್ಕಿತು. ವಾಪಸು ಬರುವ ಇನ್ನೂರೆಪ್ಪತ್ತು ಮೈಲಿಯೂ ವಾಲ್ಟ್‌ಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಡ್ರೈವ್ ಮಾಡಿದೆ. ಅವರ ಬಾಗಿಲಲ್ಲಿ ನಿಂತಾಗ ಬಾಯಿಂದ ಬಂದದ್ದು ಬೇರೆ. ಇಂಥವನ್ನು ಈಗ ಯಾರೂ ಕೊಳ್ಳುತ್ತಿಲ್ಲವಂತೆ ಎಂದುಬಿಟ್ಟೆ. ವಾಲ್ಟ್ ತಲೆಯಾಡಿಸಿ, ಈಗ ಎಲ್ಲದರ ಕಥೆಯೂ ಅಷ್ಟೇ ಎಂದರು.

"ಹೇಳಿಬಿಡ್ರೀ ಅವರಿಗೆ" ಎಂದು ಸುಧಾ ಎಷ್ಟೋ ಸಲ ಹೇಳಿದಳು. "ಬೈದ್ರೆ ಬೈಸ್ಕೊಳೋಣ. ಅವರ ತಾತನ ವಸ್ತುಗೆ ಬೆಲೇನೇ ಇಲ್ಲ ಅಂದ್ಕೊಂಡು ಹೋಗ್ತಾರಲ್ಲ ಪಾಪ."

ನಾಳೆ ನಾಳೆ ಎನ್ನುತ್ತಲೇ ಹಿಮ ಕರಗಿತು. ವಾಲ್ಟ್ ಬಾಡಿಗೆ ಟ್ರಕ್ಕಿಗೆ ಸಾಮಾನು ತುಂಬಿದರು. ಹೊರಡುವ ಮುಂಚೆ ಟೋಪಿಯನ್ನು ತಂದು ನನಗೇ ಕೊಟ್ಟರು. ನೀನು ಇಷ್ಟು ಮುತುವರ್ಜಿಯಿಂದ ಬೆಳಗಿದೆಯಲ್ಲ, ನಿನ್ನಲ್ಲೇ ಇರಲಿ, ನಮ್ಮ ತಾತನೂ ಇದನ್ನು ಇಷ್ಟು ಹೊಳೆಸಿರಲಿಕ್ಕಿಲ್ಲ ಎಂದರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಆದರೂ ಟ್ರಕ್ಕು ತಿರುವು ದಾಟುವವರೆಗೆ ಕೈ ಬೀಸುತ್ತ ನಿಂತಿದ್ದೆ.

ಇದನ್ನೆಲ್ಲ ಮೊನ್ನೆ ಮಗಳಿಗೆ ಹೇಳಿದೆ. ವಾಲ್ಟ್ ಅವಳಿಗೆ ಇನ್ನೂ ನೆನಪಿದ್ದರು. ಆಮೇಲೆ ಅವರನ್ನು ಹುಡುಕಲೇ ಇಲ್ಲವೇ, ಈಗ ಅದು ಎರಡು ನಿಮಿಷದ ಕೆಲಸ, ನಾನೇ ಹುಡುಕಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತ ಫೋನ್ ಕೈಗೆತ್ತಿಕೊಂಡಳು.

"ಬೇಡ ಪುಟ್ಟಿ" ಎಂದೆ. "ಸಿಕ್ಕಿಬಿಟ್ರೆ ಏನು ಹೇಳ್ಲಿ?"

ಅವಳು ನನ್ನನ್ನೇ ನೋಡಿದಳು. ಹುಡುಕಲಿಲ್ಲ. ಫೋನನ್ನು ತಂದು ನನ್ನ ಮುಂದಿಟ್ಟು ಒಳಗೆ ಹೋದಳು.