ಪ್ರೇಕ್ಷಕರ ಪಟ್ಟಿ ಅಚ್ಚು ಹಾಕಿದ ವಾಸಣ್ಣ

ಆಮಂತ್ರಣ ಪತ್ರಿಕೆಯ ಪ್ರೂಫನ್ನು ವಾಸಣ್ಣ ಮೊದಲು ಓದುತ್ತಿರಲಿಲ್ಲ, ಎಣಿಸುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪೆನ್ಸಿಲಿನಿಂದ ಒಂದೊಂದೇ ಹೆಸರಿನ ಮೇಲೆ ಚುಕ್ಕೆ ಇಟ್ಟುಕೊಂಡು ಹೋಗಿ, ಕೊನೆಗೆ ನನ್ನ ಮುಖ ನೋಡುತ್ತಿದ್ದರು.

"ಎಪ್ಪತ್ತೆರಡು ಹೆಸರು ಉಂಟು ಮಾಸ್ಟ್ರೇ. ಊರಲ್ಲಿ ಮನೆ ಇರುವುದೇ ನೂರ ಹತ್ತು. ಇವರೆಲ್ಲ ಸ್ಟೇಜಿಗೆ ಹತ್ತಿದರೆ ಕೆಳಗೆ ಕೂತುಕೊಳ್ಳಲಿಕ್ಕೆ ಜನ ಎಲ್ಲಿಂದ ತರುವುದು, ಹೆಬ್ರಿಯಿಂದಲಾ?"

ಕಾಪುವಿನಿಂದ ಕಾರ್ಕಳದ ಕಡೆಗೆ ಹೋಗುವ ಒಳರಸ್ತೆಯಲ್ಲಿ, ಸೊಸೈಟಿಯ ಪಕ್ಕದ ಹಂಚಿನ ಕಟ್ಟಡದಲ್ಲಿತ್ತು ಅವರ ಪ್ರೆಸ್ಸು. ಸುತ್ತಲಿನ ಊರುಗಳ ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿ, ಸ್ವಸಹಾಯ ಸಂಘ, ಕ್ರಿಕೆಟ್ ತಂಡ, ಎಲ್ಲದರ ಕಾಗದವೂ ಅಲ್ಲೇ ಅಚ್ಚಾಗಬೇಕು. ನಮ್ಮ ಕಡೆ ಮೂರು ಜನ ಒಟ್ಟಿಗೆ ಚಹಾ ಕುಡಿದರೆ ಒಂದು ಸಂಘ, ನಾಲ್ಕನೆಯವನು ಬಂದರೆ ಅದಕ್ಕೊಬ್ಬ ಗೌರವಾಧ್ಯಕ್ಷ. ನಮ್ಮ ಯುವಕ ಮಂಡಲದ ಅಧ್ಯಕ್ಷರಿಗೆ ಆಗಲೇ ಇಬ್ಬರು ಮೊಮ್ಮಕ್ಕಳಿದ್ದರು. ನಿಕಟಪೂರ್ವ ಅಧ್ಯಕ್ಷರಿಗೆ ಮಂಡಿನೋವು, ಹಾಗಾಗಿ ಅವರನ್ನು ಇಬ್ಬರು ಹಿಡಿದು ವೇದಿಕೆಗೆ ಹತ್ತಿಸಬೇಕಿತ್ತು. ಹಿಡಿಯುವ ಇಬ್ಬರೂ ಉಪಾಧ್ಯಕ್ಷರು.

ನಾನೇನು ಕಡಿಮೆಯಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಈ ಸೀಮೆಯ ಕಾಯಂ ಮುಖ್ಯ ಅತಿಥಿ ನಾನು. ನಮ್ಮ ಮನೆಯ ಕಪಾಟಿನಲ್ಲಿ ಸನ್ಮಾನದ ಶಾಲುಗಳನ್ನು ಇಡಲು ಜಾಗವಿಲ್ಲದೆ ಹೆಂಡತಿ ಅವನ್ನು ಮಿಕ್ಸಿಗೂ ಟಿವಿಗೂ ಹೊದಿಸಿದ್ದಾಳೆ. ವಾಸಣ್ಣನ ಹೆಸರು ಮಾತ್ರ ಯಾವ ಕಾರ್ಡಿನಲ್ಲೂ ಇರುತ್ತಿರಲಿಲ್ಲ. ನಾವೇ ಒತ್ತಾಯ ಮಾಡಿ ಸೇರಿಸಿದರೆ ಅಚ್ಚಿಗೆ ಹೋಗುವಾಗ ತಾವೇ ತೆಗೆದುಬಿಡುತ್ತಿದ್ದರು. "ನನಗೆ ನೋಡ್ಲಿಕ್ಕೆ ಉಂಟು ಮಾರಾಯ್ರೆ. ಮೇಲೆ ಕೂತರೆ ನಾಟಕದವರ ಬೆನ್ನು ಕಾಣುವುದು."

ಅವರ ಹೆಂಡತಿ ಜಲಜಕ್ಕ. ಪ್ರೆಸ್ಸಿನ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಹಲಸಿನ ಹಪ್ಪಳ ಮಾಡಿ ಉಡುಪಿಯ ಅಂಗಡಿಗಳಿಗೆ ಕೊಡುತ್ತಿದ್ದರು. ಹಪ್ಪಳ ಒಣಗುವುದನ್ನು ಕಾಯುತ್ತ ಕೂತ ಆ ಐವರಿಗೆ ಒಂದು ದಿನ ಯಕ್ಷಗಾನ ಕಲಿಯುವ ಹುಚ್ಚು ಹಿಡಿಯಿತು. ಜಲಜಕ್ಕನಿಗೆ ಬಂದದ್ದು ಬಣ್ಣದ ವೇಷ, ಅಂದರೆ ರಾಕ್ಷಸ. ಗಟ್ಟಿಯಾಗಿ ಮಾತಾಡಿದರೆ ಎದುರಿನವರಿಗೆ ಬೇಜಾರಾದೀತೆಂದು ಫೋನಿನಲ್ಲೂ ಪಿಸುಗುಟ್ಟುವ ಹೆಂಗಸು, ಮುಖದ ತುಂಬ ಬಣ್ಣ ಬಳಿದುಕೊಂಡು, ತೆರೆಯ ಹಿಂದೆ ನಿಂತು, ಎದೆ ನಡುಗುವ ಹಾಗೆ ಬೊಬ್ಬೆ ಹಾಕಬೇಕು. ಮೂರು ತಿಂಗಳು ಶೆಡ್ಡಿನಲ್ಲಿ ಅಭ್ಯಾಸ ನಡೆಯಿತು. ಸೊಸೈಟಿಗೆ ಬಂದವರು ಮೊದಮೊದಲು ಯಾರಿಗೋ ಏನೋ ಆಯಿತೆಂದು ಓಡಿ ಬರುತ್ತಿದ್ದರು.

ಮೊದಲ ವರ್ಷದ ಪ್ರದರ್ಶನ ನಮ್ಮ ಊರಿನ ವಾರ್ಷಿಕೋತ್ಸವದಲ್ಲಿ. ಸಭಾ ಕಾರ್ಯಕ್ರಮ ಮೂರು ಗಂಟೆ ಎಳೆಯಿತು. ಮಾತಾಡಿದವರು ಮಾತಾಡಿದ ಹಾಗೆ ಹೊರಟರು, ಅವರ ಮನೆಯವರು ಅವರ ಜೊತೆ ಹೊರಟರು. ಚೆಂಡೆ ಬಾರಿಸುವಾಗ ಉಳಿದದ್ದು ವಾಸಣ್ಣ, ಶಾಮಿಯಾನ ಬಿಚ್ಚಲು ಕಾಯುತ್ತಿದ್ದ ಇಬ್ಬರು ಮತ್ತು ಒಂದು ನಾಯಿ. ಜಲಜಕ್ಕನ ಬೊಬ್ಬೆಗೆ ನಾಯಿಯೂ ಹೋಯಿತು. ಮನೆಗೆ ಹೋದ ಮೇಲೆ ಆಕೆ ಬಣ್ಣ ತೆಗೆಯದೆ ಅಡುಗೆ ಮನೆಯ ಮೆಟ್ಟಿಲಲ್ಲಿ ಕೂತು ಅತ್ತರಂತೆ. ಇನ್ನು ವೇಷ ಕಟ್ಟುವುದಿಲ್ಲ ಎಂದರಂತೆ.

ಮರುವರ್ಷ ವಾಸಣ್ಣ ಒಂದು ಕೆಲಸ ಮಾಡಿದರು. ಯಾರನ್ನೂ ಕೇಳಲಿಲ್ಲ. ಕಾರ್ಡಿನಲ್ಲಿ ಅತಿಥಿಗಳ ಹೆಸರುಗಳೆಲ್ಲ ಮುಗಿದ ಮೇಲೆ, ಕೆಳಗೆ ದಪ್ಪ ಅಕ್ಷರದಲ್ಲಿ 'ಪ್ರೇಕ್ಷಕರು' ಎಂದು ಅಚ್ಚು ಹಾಕಿ, ಉಳಿದ ಮನೆಗಳ ಯಜಮಾನ, ಯಜಮಾನ್ತಿಯರ ಹೆಸರುಗಳನ್ನು ಪಟ್ಟಿ ಮಾಡಿ, 'ಕೊನೆಯ ಮಂಗಳ ಪದ್ಯದವರೆಗೆ ಉಪಸ್ಥಿತರಿರುವರು' ಎಂದು ಸೇರಿಸಿಬಿಟ್ಟರು.

ಅಬ್ಬಬ್ಬಾ, ಊರಿಗೆ ಊರೇ ಎದ್ದು ಕೂತಿತು! ಜನ್ಮದಲ್ಲಿ ಒಮ್ಮೆಯೂ ಕಾರ್ಡಿನಲ್ಲಿ ಹೆಸರು ಕಾಣದವರು ಅದನ್ನು ಫೋಟೋ ತೆಗೆದು ದುಬೈಗೆ, ಮಸ್ಕತ್ತಿಗೆ ಕಳಿಸಿದರು. ಜಗಳವೂ ಆಯಿತೆನ್ನಿ. ಶೇಖರಣ್ಣ ಎಂಬವರು ಬೆಳಿಗ್ಗೆಯೇ ಪ್ರೆಸ್ಸಿನ ಮೆಟ್ಟಿಲು ಹತ್ತಿದರು.

"ಎಂತ ವಾಸಣ್ಣ ಇದು? ಆನಂದ ಮೊದಲನೆಯವನು, ನಾನು ಮೂವತ್ತನೆಯವನಾ? ಅವನು ಮಲ್ಪೆಯಿಂದ ಇಲ್ಲಿಗೆ ಬಂದದ್ದೇ ಮೊನ್ನೆ. ನಾನು ಹುಟ್ಟುವಾಗಲೇ ಈ ಊರಿನ ಪ್ರೇಕ್ಷಕ!"

"ಅಕ್ಷರಮಾಲೆ ಪ್ರಕಾರ ಹಾಕಿದ್ದು ಮಾರಾಯ್ರೆ. ನಿಮ್ಮ ಅಪ್ಪ ಅಕಾರದಲ್ಲಿ ಹೆಸರಿಡಬೇಕಿತ್ತು."

ಇನ್ನೊಬ್ಬರು ತಮ್ಮನ್ನು 'ಹಿರಿಯ ಪ್ರೇಕ್ಷಕರು' ಎಂದು ಹಾಕದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಆದರೆ ಬಂದರು, ಎಲ್ಲರೂ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜವಾಬ್ದಾರಿಯುಳ್ಳವರ ಹಾಗೆ ಕೂತರು. ಅಚ್ಚಾದ ಮೇಲೆ ಏಳುವ ಹಾಗಿಲ್ಲವಲ್ಲ. ತೆರೆ ಸರಿದು ಜಲಜಕ್ಕ ಬೊಬ್ಬೆ ಹಾಕಿದಾಗ ಮುಂದಿನ ಸಾಲಿನ ಮಗುವೊಂದು ಹೆದರಿ ಉಚ್ಚೆ ಹೊಯ್ದುಕೊಂಡಿತು. ವಾಸಣ್ಣ ಆ ಮಗುವಿನ ಕತೆಯನ್ನು, ದೊಡ್ಡ ಪ್ರಶಸ್ತಿಯೊಂದು ಬಂದವರ ಹಾಗೆ, ವರ್ಷವಿಡೀ ಹೇಳಿಕೊಂಡು ತಿರುಗಿದರು.

ಮೂರನೆಯ ವರ್ಷ ನಮ್ಮ ಸಮಿತಿ ಸಭೆ ಸೇರಿತು. ಪ್ರೇಕ್ಷಕರ ಹೆಸರು ಹಾಕುವುದರಿಂದ ಗಣ್ಯರ ಗೌರವಕ್ಕೆ ಕುಂದು ಬರುತ್ತದೆಂದು ತೀರ್ಮಾನಿಸಿತು. ನಾನೂ ಕೈ ಎತ್ತಿದ್ದೆ. ವಾಸಣ್ಣ ವಾದಕ್ಕೆ ಬರುವ ಸ್ಥಿತಿಯಲ್ಲಿರಲಿಲ್ಲ. ಎದೆನೋವೆಂದು ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದರು. ಬಣ್ಣಬಣ್ಣದ ಕಾರ್ಡು ಉಡುಪಿಯಲ್ಲಿ ಅಚ್ಚಾಯಿತು. ಕಾರ್ಯಕ್ರಮದ ಹಿಂದಿನ ದಿನ ಅವರೇ ಫೋನ್ ಮಾಡಿದರು.

"ಮಾಸ್ಟ್ರೇ, ಒಂದು ಉಪಕಾರ. ಜಲಜ ವೇಷ ಕಟ್ಟುವುದಿಲ್ಲ ಅಂತಿದ್ದಳು, ಗಂಡ ಇಲ್ಲಿ ಬಿದ್ದಿದ್ದಾನೆ, ನೋಡುವವರೂ ಇಲ್ಲ ಅಂತ. ಮಾಸ್ಟ್ರು ಎರಡನೇ ಸಾಲಿನಲ್ಲಿ ಕೊನೆಯ ತನಕ ಕೂತಿರುತ್ತಾರೆ, ನನ್ನ ಲೆಕ್ಕದಲ್ಲಿ ಅವರನ್ನೇ ನೋಡಿಕೊಂಡು ಕುಣಿ ಅಂತ ಹೇಳಿದ್ದೇನೆ. ಕೂತುಕೊಳ್ಳುತ್ತೀರಿ ಅಲ್ವಾ?"

"ಅದೆಂಥ ಮಾತು ವಾಸಣ್ಣ, ಖಂಡಿತ" ಎಂದೆ.

ಅಂದು ನನ್ನ ಭಾಷಣದ ವಿಷಯ 'ಗ್ರಾಮೀಣ ಕಲೆಗಳಿಗೆ ಪ್ರೇಕ್ಷಕರ ಕೊರತೆ'. ಐದು ನಿಮಿಷ ಎಂದಿದ್ದರು, ವಿಷಯ ಗಂಭೀರವಾದ್ದರಿಂದ ನಲವತ್ತು ನಿಮಿಷ ಹಿಡಿಯಿತು. ಚಪ್ಪಾಳೆಯೂ ಬಿತ್ತು. ಇಳಿದು ಬಂದು ಎರಡನೆಯ ಸಾಲಿನಲ್ಲಿ ಕೂತದ್ದು ನಿಜ, ಸುಳ್ಳಲ್ಲ. ಹೊದಿಸಿದ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿದೆ. ಅಷ್ಟರಲ್ಲಿ ಕಾರ್ಕಳದಿಂದ ಫೋನ್ ಬಂತು, ಅಲ್ಲಿ ಇನ್ನೊಂದು ಸಭೆ, ಅಲ್ಲೂ ನಾನೇ ಮುಖ್ಯ ಅತಿಥಿ, ಜನ ಕಾಯುತ್ತಿದ್ದಾರೆ. ಹೊರಡುವಾಗ ಸನ್ಮಾನದ ಹಣ್ಣಿನ ಬುಟ್ಟಿಯನ್ನು ನೆನಪಿನಿಂದ ಎತ್ತಿಕೊಂಡೆ. ಶಾಲು ಮರೆತೆ.

ಮರುದಿನ ಅದೇ ಬುಟ್ಟಿ ಹಿಡಿದುಕೊಂಡು ಮಣಿಪಾಲಕ್ಕೆ ಹೋದೆ. ವಾಸಣ್ಣ ಇಳಿದುಹೋಗಿದ್ದರು, ಕಣ್ಣು ಮಾತ್ರ ಚುರುಕಾಗಿತ್ತು.

"ಬನ್ನಿ ಮಾಸ್ಟ್ರೇ. ಜಲಜನ ಬೊಬ್ಬೆ ಹೇಗಾಯಿತು?"

"ಲಾಯ್ಕ್ ಆಯ್ತು ವಾಸಣ್ಣ! ಮೈಕಿನಲ್ಲಿ ಮೂರು ಊರಿಗೆ ಕೇಳಿರಬೇಕು."

ಅವರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು.

"ಮೈಕ್ ಇರಲಿಲ್ಲ ಮಾಸ್ಟ್ರೇ. ಭಾಷಣ ಮುಗಿಯುವಾಗ ಹೊತ್ತು ಮೀರಿತ್ತಂತೆ. ಮೈಕಿನವನಿಗೆ ಮತ್ತೊಂದು ಕಡೆ ಮೆಹಂದಿ ಕಾರ್ಯಕ್ರಮ ಇತ್ತು, ಎಲ್ಲ ಬಿಚ್ಚಿಕೊಂಡು ಹೋದನಂತೆ. ಇವಳು ಬರಿಗಂಟಲಲ್ಲೇ ಬೊಬ್ಬೆ ಹಾಕಿದ್ದು."

ಭೂಮಿ ಬಾಯಿ ಬಿಡಬಾರದೇ ಎಂಬ ಮಾತನ್ನು ಮಕ್ಕಳಿಂದ ಕತೆಗಳಲ್ಲಿ ಓದಿಸುತ್ತಿದ್ದೆ. ಹಾಗೆಂದರೇನು ಎಂಬುದು ನನಗೆ ಅವತ್ತು ತಿಳಿಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಜಲಜಕ್ಕ ಬಿಸಿನೀರಿನ ಫ್ಲಾಸ್ಕು ಹಿಡಿದು ಒಳಗೆ ಬಂದರು. ಸ್ವರ ಪೂರ್ತಿ ಬಿದ್ದುಹೋಗಿತ್ತು. ಕಿವಿಯ ಹಿಂದೆ ಕೆಂಪು ಬಣ್ಣ ಇನ್ನೂ ಉಳಿದಿತ್ತು.

"ಮಾಸ್ಟ್ರು ಬಂದಿರಾ! ಎದ್ದು ಹೋಗುತ್ತೀರೋ ಅಂತ ಎಣಿಸಿದ್ದೆ. ಕನ್ನಡಕ ಇಲ್ಲದೆ ನನಗೆ ಮುಖ ಕಾಣುವುದಿಲ್ಲ. ಆದರೆ ಎರಡನೇ ಸಾಲಿನಲ್ಲಿ ನಿಮ್ಮ ಶಾಲು ಕಾಣುತ್ತಿತ್ತು, ಮಂಗಳದವರೆಗೂ ಉಂಟು. ಅದನ್ನೇ ನೋಡಿಕೊಂಡು ಕುಣಿದೆ. ಸತ್ಯ ಹೇಳಿ, ಮೈಕ್ ಇಲ್ಲದೆ ಕೇಳಿತಾ?"

ನಲವತ್ತು ನಿಮಿಷ ಮಾತಾಡಿದ್ದ ನಾನು ಬುಟ್ಟಿಯ ಹಣ್ಣುಗಳನ್ನು ಸರಿಮಾಡಿ ಇಡತೊಡಗಿದೆ. ವಾಸಣ್ಣನೇ ಉತ್ತರ ಕೊಟ್ಟರು.

"ಈಗಷ್ಟೇ ಅದನ್ನೇ ಹೇಳುತ್ತಿದ್ದರು ಮಾರಾಯ್ತಿ. ರಸ್ತೆಯವರೆಗೆ ಕೇಳಿತಂತೆ. ಅಲ್ವಾ ಮಾಸ್ಟ್ರೇ?"

ನಾನು ತಲೆಯಾಡಿಸಿದೆ. ಜಲಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ವಾಸಣ್ಣ ಗೋಡೆಯ ಕಡೆ ತಿರುಗಿ ಮಲಗಿದರು. ಅದೇ ಕೊನೆ, ಮತ್ತೆ ಅವರೊಡನೆ ನನ್ನ ಮಾತಾಗಲಿಲ್ಲ.

ಅವರ ನುಡಿನಮನಕ್ಕೆ ಹದಿನಾಲ್ಕು ಜನ ಮಾತಾಡಿದರು, ಇಬ್ಬರು ಅವರ ಹೆಸರನ್ನೇ ತಪ್ಪು ಹೇಳಿದರು. ಜಲಜಕ್ಕ ವೇಷ ಬಿಡಲಿಲ್ಲ, ಈಗ ಅವರ ತಂಡವನ್ನು ಕಾರ್ಕಳ, ಉಡುಪಿಗೂ ಕರೆಯುತ್ತಾರೆ. ಯಾರಾದರೂ ಅವರ ಬೊಬ್ಬೆಯನ್ನು ಹೊಗಳಿದರೆ ಪಕ್ಕದಲ್ಲಿರುವ ನನ್ನನ್ನು ತೋರಿಸುತ್ತಾರೆ. "ಮೈಕ್ ಇಲ್ಲದ ದಿನ ಹಾಕಿದ್ದು ನಿಜವಾದ ಬೊಬ್ಬೆ. ಬೇಕಾದರೆ ಮಾಸ್ಟ್ರನ್ನು ಕೇಳಿ. ನಮ್ಮವರ ಬದಲಿಗೆ ಕೊನೆಯ ತನಕ ಕೂತು ನೋಡಿದವರು ಅವರೊಬ್ಬರೇ."

ಎಲ್ಲರೂ ನನ್ನ ಕಡೆ ನೋಡುತ್ತಾರೆ. ನಾನು ಹೌದು ಅನ್ನುತ್ತೇನೆ.