ಇಂಜಿನ್ ಪೆಟ್ಟಿಗೆಯ ಮೇಲೆ ನನ್ನ ಗಿಟಾರ್

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ವಾರ ನಾನು ಹೊಲಿದ ರವಿಕೆಗಳನ್ನು ತೊಟ್ಟವರು ನನ್ನನ್ನು ಕ್ಷಮಿಸಬೇಕು. ಒಂದರ ಎಡ ತೋಳನ್ನು ಬಲಕ್ಕೆ ಜೋಡಿಸಿದ್ದೆ. ಇನ್ನೊಂದಕ್ಕೆ ಹುಕ್ಕು ಇಡಲು ಮರೆತು, ಕಾಸರಗೋಡಿಗೆ ಮದುವೆಗೆ ಹೊರಟವರು ಕಾರಿನಲ್ಲಿ ಕೂತು ಸೇಫ್ಟಿ ಪಿನ್ ಹುಡುಕುವ ಹಾಗಾಯಿತು. ಇಪ್ಪತ್ತೆರಡು ವರ್ಷಗಳಿಂದ ವರ್ಕಾಡಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೊಲಿಯುತ್ತಿದ್ದೇನೆ, ಹೀಗೆ ಯಾವತ್ತೂ ಆದದ್ದಿಲ್ಲ. ಇದಕ್ಕೆಲ್ಲ ಕಾರಣ ಒಂದು ಹಳೆಯ ಗಿಟಾರ್.

ನನ್ನ ಹೆಸರು ಫಿಲೋಮಿನಾ, ಪ್ರಾಯ ನಲವತ್ತೇಳು. ಭಾನುವಾರದ ಪೂಜೆಗೆ ಇಗರ್ಜಿಯಲ್ಲಿ ಹಾಡುವವರ ಜೊತೆ ಗಿಟಾರ್ ನುಡಿಸುತ್ತೇನೆ. ಸಣ್ಣವಳಿದ್ದಾಗ ಅಣ್ಣ ಕಲಿಸಿದ ವಿದ್ಯೆ ಅದು. ಇಗರ್ಜಿಯ ಗಿಟಾರ್ ಪ್ಲೈವುಡ್ಡಿನದ್ದು, ಅದರ ತಂತಿಗಳು ಎಷ್ಟು ಎತ್ತರದಲ್ಲಿವೆ ಎಂದರೆ ನಾಲ್ಕು ಹಾಡು ನುಡಿಸಿದರೆ ಮರುದಿನ ಸೂಜಿ ಹಿಡಿಯಲಿಕ್ಕಾಗುವುದಿಲ್ಲ. ಇಪ್ಪತ್ತು ವರ್ಷದವಳಿದ್ದಾಗ ಮಂಗಳೂರಿನ ಒಂದು ಅಂಗಡಿಯ ಗಾಜಿನ ಹಿಂದೆ ಜೇನಿನ ಬಣ್ಣದ ಗಿಟಾರ್ ಒಂದನ್ನು ನೋಡಿದ್ದೆ. ಮುಟ್ಟಿ ನೋಡಬಹುದಾ ಎಂದು ಕೇಳಿದಾಗ ಅಂಗಡಿಯವನು ನನ್ನ ಚಪ್ಪಲಿ ನೋಡಿ, ತೆಗೆದುಕೊಳ್ಳುವವರಾದರೆ ಮಾತ್ರ ಎಂದಿದ್ದ. ಆ ಮಾತನ್ನೂ ಆ ಗಿಟಾರನ್ನೂ ನಾನು ಮರೆತಿರಲಿಲ್ಲ.

ಆ ಫೆಬ್ರವರಿಯಲ್ಲಿ ಮೊಬೈಲಿನಲ್ಲಿ ಹಳೆಯ ಹೊಲಿಗೆ ಮೆಷಿನು ಹುಡುಕುತ್ತಿದ್ದಾಗ ಅದೇ ಜಾತಿಯ ಗಿಟಾರಿನ ಫೋಟೋ ಬಂತು. ಶಿರಿಯದಲ್ಲಿ ಮಾರಾಟಕ್ಕಿದೆ, ಸಣ್ಣ ಗುರುತುಗಳಿವೆ ಎಂದು ಕೆಳಗೆ ಬರೆದಿತ್ತು. ಮೆಷಿನಿಗೆಂದು ಕೂಡಿಟ್ಟದ್ದರಲ್ಲಿ ಅದು ಬರುತ್ತಿತ್ತು. ನನ್ನ ಗಂಡ ವಲೇರಿಯನ್ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವರು. ಅವರಿಗೆ ಹೇಳಿದಾಗ, "ಮೆಷಿನು ಹೇಗೂ ಓಡ್ತಾ ಉಂಟಲ್ಲ. ಹೋಗಿ ನೋಡು ಮಾರಾಯ್ತಿ, ನೋಡದೆ ನಿನಗೆ ನಿದ್ರೆ ಬರುವುದಿಲ್ಲ" ಎಂದರು.

ಶನಿವಾರ ಶಿರಿಯಕ್ಕೆ ಹೋದೆ. ಮಾರುವವನ ಹೆಸರು ಪುರುಷೋತ್ತಮ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಸರಕು ಹಡಗಿನಲ್ಲಿ ಕೆಲಸ. ಯಾವುದೋ ಬಂದರಿನಲ್ಲಿ ಆಸೆಪಟ್ಟು ತೆಗೆದುಕೊಂಡ ಗಿಟಾರ್, ಕಲಿಯಲಿಕ್ಕೆ ಮಾತ್ರ ಆಗಲೇ ಇಲ್ಲವಂತೆ. ಅದರ ಮುಖದ ಹಲಗೆಯ ಮೇಲೆ ಒಂದು ಬಿಳಿ ಬಳೆಯಂಥ ಗುರುತು ಇತ್ತು. ನಾನು ಕೇಳುವ ಮೊದಲೇ ಅವನ ತಾಯಿ, "ಅದು ನಾನು ಇಟ್ಟದ್ದು ಬಾಯಮ್ಮ. ಮಂಚದ ಮೇಲೆ ಇತ್ತು, ಬಿಸಿ ಚಹಾದ ಗ್ಲಾಸು ಇಟ್ಟುಬಿಟ್ಟೆ. ಇವತ್ತಿಗೂ ಬೈತಾನೆ" ಎಂದು ನಕ್ಕರು. ನಮ್ಮ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಬಾಗಿಲಿಗೆ ತಾಗಿ ಅಂಚಿನಲ್ಲಿ ವಾರ್ನಿಷ್ ಎದ್ದುಹೋದ ಜಾಗವನ್ನು ಪುರುಷೋತ್ತಮನೇ ತೋರಿಸಿದ. "ಈ ಎರಡೇ ಅಕ್ಕಾ" ಎಂದ.

ಮಡಿಲಲ್ಲಿಟ್ಟು ಒಮ್ಮೆ ನುಡಿಸಿದೆ. ಆ ಸ್ವರ ನನ್ನ ಎದೆಗೂಡಿನೊಳಗೆ ಹೋಗಿ ಕೂತಿತು. ನನ್ನ ಮುಖ ನೋಡಿ ಅವನು, "ತೆಗೊಂಡು ಹೋಗಿ. ಒಂದು ವಾರ ನುಡಿಸಿ ನೋಡಿ. ಇಷ್ಟ ಆದ್ರೆ ಮುಂದಿನ ಶನಿವಾರ ಹಣ ಕೊಡಿ, ಇಲ್ಲದಿದ್ರೆ ಗಿಟಾರ್ ಕೊಡಿ. ಅದರ ಮರುದಿನ ನಾನು ಹಡಗಿಗೆ ಹೊರಡ್ತೇನೆ" ಎಂದ.

"ಅಡ್ವಾನ್ಸ್?"

"ಎಂತಕ್ಕೆ? ವರ್ಕಾಡಿಯವರು ನೀವು. ಎಲ್ಲಿಗೆ ಓಡಿ ಹೋಗ್ತೀರಿ?"

ಅವನು ಅಷ್ಟು ನಂಬದೆ ಇದ್ದಿದ್ದರೆ ನನ್ನ ಮುಂದಿನ ವಾರ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಗಿಟಾರಿಗೆ ಇದ್ದದ್ದು ತೆಳುವಾದ ಬಟ್ಟೆಯ ಕವರ್ ಮಾತ್ರ. ಹೊಸಂಗಡಿಯವರೆಗೆ ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಅಲ್ಲಿ ವರ್ಕಾಡಿಯ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಸಂಜೆಯ ಬಸ್ಸು, ಕೂಲಿ ಮುಗಿಸಿದವರು, ಟ್ಯೂಷನ್ನಿನ ಮಕ್ಕಳು, ಬೀಡಿಯ ಎಲೆ ಹೊತ್ತ ಹೆಂಗಸರು. ಗಿಟಾರನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ಕಂಡಕ್ಟರನಿಗೆ ಕನಿಕರ ಬಂತು. "ಕೊಡಿ ಅಕ್ಕಾ ಇತ್ಲಾಗೆ" ಎಂದು ಕೈಯಿಂದ ಕೈಗೆ ದಾಟಿಸಿ ಡ್ರೈವರನ ಪಕ್ಕ ಇಡಿಸಿದ. ನಮ್ಮ ಬಸ್ಸುಗಳಲ್ಲಿ ಡ್ರೈವರನ ಪಕ್ಕದ ಇಂಜಿನ್ ಪೆಟ್ಟಿಗೆ ಎಂದರೆ ಎಲ್ಲರ ಸಾಮಾನಿನ ಜಾಗ. ಮೀನಿನ ಬುಟ್ಟಿಯಿಂದ ಹಿಡಿದು ಮದುವೆಯ ಹೂವಿನವರೆಗೆ ಅಲ್ಲೇ ಇಡುವುದು. ನಾನೂ ನೆಮ್ಮದಿಯಿಂದ ಕಂಬಿ ಹಿಡಿದು ನಿಂತೆ.

ಅರ್ಧ ದಾರಿಯಲ್ಲಿ ಪಕ್ಕದವಳು ತನ್ನ ಮಲ್ಲಿಗೆಯ ಕಟ್ಟು ಬಾಡುತ್ತದೆ ಎಂದು ಕೂಗಿ ಅದನ್ನು ವಾಪಸ್ ಕೇಳಿದಳು. ಆಗ ನನಗೆ ಹೊಳೆಯಿತು, ಆ ಪೆಟ್ಟಿಗೆ ಬಿಸಿ. ಮುಂದೆ ಹೋಗಲು ನೋಡಿದೆ, ಜನ ಬಿಡಲಿಲ್ಲ. ಇಳಿಯುವಾಗ ಕೈಗೆ ಬಂದ ಕವರ್ ಈಗಷ್ಟೇ ಇಸ್ತ್ರಿ ಹಾಕಿದ ಬಟ್ಟೆಯಷ್ಟು ಬಿಸಿಯಾಗಿತ್ತು.

ಮನೆಗೆ ಬಂದು ಕವರ್ ತೆಗೆದೆ. ತಂತಿ ಕಟ್ಟುವ ಪಟ್ಟಿಯ ಪಕ್ಕದಿಂದ ಕೆಳಕ್ಕೆ, ಕೂದಲಿನಷ್ಟು ಸಪೂರದ ಒಂದು ಕಪ್ಪು ಗೆರೆ. ಶಿರಿಯದಲ್ಲಿ ನೋಡಿದಾಗ ಅದು ಇರಲಿಲ್ಲ. ಇರಲಿಲ್ಲವೆಂದು ಏಸುವಿನ ಪಟದ ಮುಂದೆ ಆಣೆ ಹಾಕಿ ಹೇಳಬಲ್ಲೆ. ಕವರಿನ ಒಳಗೆ ಗೆರೆಯಿದ್ದ ಜಾಗಕ್ಕೆ ಸರಿಯಾಗಿ ಎಣ್ಣೆಯಂಥ ಒಂದು ಕಲೆ ಬೇರೆ. ವಾರ್ನಿಷ್ ಕರಗಿ ಹಲಗೆ ಸೀಳಿದೆ ಎಂದುಕೊಂಡೆ. ನನ್ನದಲ್ಲದ, ಒಂದು ರೂಪಾಯಿಯನ್ನೂ ಕೊಡದೆ ತಂದ ವಸ್ತುವನ್ನು ಎರಡೇ ಗಂಟೆಯಲ್ಲಿ ಒಡೆದುಬಿಟ್ಟಿದ್ದೆ.

ಇಂಚ್ ಟೇಪ್ ತಂದು ಅಳೆದೆ. ಎರಡೂಕಾಲು ಇಂಚು. ನಾನು ಗಾಬರಿಯಾದಾಗ ಮಾಡುವ ಕೆಲಸವೇ ಅದು, ಅಳೆಯುವುದು. ತಂತಿಗಳ ಎಳೆತಕ್ಕೆ ಗೆರೆ ಮುಂದುವರಿದರೆ ಎಂಬ ಹೆದರಿಕೆಯಿಂದ ಎಲ್ಲ ತಂತಿಗಳನ್ನೂ ಸಡಿಲ ಮಾಡಿ, ಗಿಟಾರನ್ನು ಕಪಾಟಿನ ಬಟ್ಟೆಗಳ ನಡುವೆ ಮಲಗಿಸಿದೆ. ಭಾನುವಾರ ಇಗರ್ಜಿಗೆ ಖಾಲಿ ಕೈಯಲ್ಲಿ ಹೋದೆ. ಹೊಸ ಗಿಟಾರ್ ತರುತ್ತೇನೆ ಎಂದು ಊರಿಗೆಲ್ಲ ಹೇಳಿದ್ದವಳು, ಬೆರಳಿಗೆ ಸೂಜಿ ಚುಚ್ಚಿದೆ ಎಂದು ಸುಳ್ಳು ಹೇಳಿದೆ. ಅದೂ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು. ಸೋಮವಾರ ಅಳೆದೆ, ಎರಡೂಕಾಲು. ಮಂಗಳವಾರ ಎರಡೂವರೆ ಎಂದು ಕಂಡು ಬೆವತುಹೋದೆ. ಕನ್ನಡಕ ಹಾಕಿ ಮತ್ತೆ ಅಳೆದಾಗ ಎರಡೂಕಾಲೇ ಇತ್ತು.

ಬುಧವಾರ ವಲೇರಿಯನ್ ನನ್ನನ್ನು ಹಿಡಿದರು. ಮಗುವಿನ ಗಂಟಲು ನೋಡುವ ಡಾಕ್ಟರಂತೆ ನಾನು ಟಾರ್ಚ್ ಹಿಡಿದು ಗಿಟಾರಿನ ಮೇಲೆ ಬಗ್ಗಿದ್ದೆ. ಎಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡು, "ನೀನು ಎಂತ ಹೇಳ್ಬೇಡ. ಸ್ವರ ಇಷ್ಟ ಆಗ್ಲಿಲ್ಲ ಅಂತ ವಾಪಸ್ ಕೊಟ್ಟು ಬಾ. ಅವನಾಗಿ ಕೇಳಿದ್ರೆ, ಮೊದಲೇ ಇತ್ತು ಅಂತ ಹೇಳು" ಎಂದರು.

"ಇರ್ಲಿಲ್ಲ ಅಂತ ನನಗೆ ಗೊತ್ತುಂಟಲ್ಲ."

"ನಿನಗೆ ಗೊತ್ತುಂಟು. ಅವನಿಗೆ ಗೊತ್ತುಂಟಾ?"

ಅವರ ಮೇಲೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ, ಆ ಉಪಾಯ ನನಗೂ ಹೊಳೆದಿತ್ತು ಎಂಬುದಕ್ಕೇ ಹೆಚ್ಚು ಸಿಟ್ಟು ಬಂದದ್ದು.

ಶನಿವಾರ ಹೊರಟೆ. ಈ ಸಲ ಬೆಳಿಗ್ಗೆಯ ಖಾಲಿ ಬಸ್ಸು, ಗಿಟಾರ್ ನನ್ನ ತೊಡೆಯ ಮೇಲೆ, ಹಣ ಪರ್ಸಿನಲ್ಲಿ. ದಾರಿಯುದ್ದಕ್ಕೂ ಬಾಯಿಯೊಳಗೆ ಎರಡು ಮಾತುಗಳನ್ನು ತಿರುಗಿಸುತ್ತಿದ್ದೆ. ಒಂದು, ನಾನು ಒಡೆದೆ. ಇನ್ನೊಂದು, ಸ್ವರ ಇಷ್ಟವಾಗಲಿಲ್ಲ. ಉಪ್ಪಳ ದಾಟುವಾಗ ಎರಡನೆಯದೇ ಗೆದ್ದಿತ್ತು. ಪುರುಷೋತ್ತಮನ ಮನೆಯ ಮೆಟ್ಟಿಲು ಹತ್ತುವಾಗಲೂ ಅದನ್ನೇ ಹೇಳುವವಳಿದ್ದೆ. ಆದರೆ ಅವನ ತಾಯಿ ಚಹಾ ತಂದು, ಗಿಟಾರಿನಿಂದ ಆದಷ್ಟು ದೂರದಲ್ಲಿ ಸ್ಟೂಲಿನ ಮೇಲೆ ಗ್ಲಾಸು ಇಟ್ಟು, "ಒಮ್ಮೆ ಬುದ್ಧಿ ಬಂದಿದೆ ನನಗೆ" ಎಂದರು. ತನ್ನ ತಪ್ಪನ್ನು ಅಷ್ಟು ಸಲೀಸಾಗಿ ಹೇಳಿಕೊಂಡು ನಗುವ ಆ ಹೆಂಗಸಿನೆದುರು ನನಗೆ ಸುಳ್ಳು ಹೇಳಲಾಗಲಿಲ್ಲ. ಕವರ್ ತೆಗೆದೆ.

"ಪುರುಷೋತ್ತಮರೇ, ಇಲ್ಲಿ ನೋಡಿ. ಈ ಗೆರೆ ನನ್ನಿಂದ ಆದದ್ದು. ಬಸ್ಸಿನಲ್ಲಿ ಇಂಜಿನ್ ಪೆಟ್ಟಿಗೆಯ ಮೇಲೆ ಇಟ್ಟೆ, ಬಿಸಿಗೆ ಒಡೆದಿದೆ. ಒಡೆದವಳು ನಾನು, ಹಾಗಾಗಿ ಇಟ್ಟುಕೊಳ್ಳುವವಳೂ ನಾನೇ. ಪೂರ್ತಿ ಹಣ ತಂದಿದ್ದೇನೆ" ಎಂದು ಒಂದೇ ಉಸಿರಿಗೆ ಹೇಳಿದೆ.

ಅವನು ಗೆರೆ ನೋಡಿದ. ನೆಲ ನೋಡಿದ. ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಹಣ ತೆಗೆದುಕೊಂಡು ಎಣಿಸದೆ ಜೇಬಿಗೆ ಹಾಕಿದ. ತಾಯಿ, "ಹೋಗ್ಲಿ ಬಿಡಿ ಬಾಯಮ್ಮ, ಬೇಕು ಅಂತ ಮಾಡಿದ್ದಾ?" ಎಂದರು. ನಾನು ಚಹಾ ಅರ್ಧ ಬಿಟ್ಟು ಎದ್ದೆ.

ಹೈವೇ ಅಗಲ ಮಾಡಿದ ಮೇಲೆ ಶಿರಿಯದಲ್ಲಿ ಬಸ್ಸು ನಿಲ್ಲುವ ಜಾಗ ಬದಲಾಗಿತ್ತು. ನನಗೆ ಅದು ತಿಳಿಯದೆ ಹಳೆಯ ತಂಗುದಾಣದಲ್ಲೇ ನಿಂತಿದ್ದೆ. ಒಂದು ಬಸ್ಸು ನಿಲ್ಲಿಸದೆ ಹೋಯಿತು, ಕೈ ಅಡ್ಡ ಹಿಡಿದರೂ ಇನ್ನೊಂದೂ ಹೋಯಿತು. ಇಪ್ಪತ್ತಾರು ವರ್ಷ ಆಸೆಪಟ್ಟ ವಸ್ತು ನನ್ನ ಕೈಯಲ್ಲಿತ್ತು. ಅದನ್ನು ನೋಡಿದರೆ ಅಳು ಬರುತ್ತಿತ್ತು. ಆಗ ಒಂದು ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ಇಲ್ಲದೆ, ಎತ್ತಿಕಟ್ಟಿದ ಮುಂಡಿನಲ್ಲೇ ಪುರುಷೋತ್ತಮ ಬಂದಿದ್ದ.

"ಅಕ್ಕಾ, ಅದು ನೀವು ಒಡೆದದ್ದಲ್ಲ" ಎಂದ. "ಗೆರೆ ಮೊದಲೇ ಇತ್ತು. ಎರಡು ವರ್ಷ ಆಯ್ತು. ನೀವು ಬರುವ ಬೆಳಿಗ್ಗೆ ನಾನೇ ಮೇಣದಬತ್ತಿ ಉಜ್ಜಿ ಒರೆಸಿಟ್ಟದ್ದು. ಹಾಗೆ ಮಾಡಿದ್ರೆ ಕಾಣುವುದಿಲ್ಲ. ಬಸ್ಸಿನ ಬಿಸಿಗೆ ಆ ಮೇಣ ಕರಗಿ ಹೋಗಿದೆ, ಅಷ್ಟೇ."

ಕವರಿನೊಳಗಿನ ಕಲೆ ನೆನಪಾಯಿತು. ಪ್ರತಿ ತಿಂಗಳೂ ಇಗರ್ಜಿಯ ಪೀಠದ ಬಟ್ಟೆಯಿಂದ ಮೇಣದ ಕಲೆ ತೆಗೆಯುವವಳು ನಾನು, ಮೇಲೆ ಪೇಪರಿಟ್ಟು ಇಸ್ತ್ರಿ ಹಾಕಿ. ಅಂಥವಳು ಒಂದು ವಾರ ಆ ಕಲೆಯನ್ನು ನೋಡಿಯೂ ಗುರುತಿಸಿರಲಿಲ್ಲ. ತಪ್ಪು ನನ್ನದೇ ಎಂದು ಅಷ್ಟು ಗಟ್ಟಿಯಾಗಿ ತೀರ್ಮಾನಿಸಿಬಿಟ್ಟಿದ್ದೆ.

ಸಿಟ್ಟು ನೆತ್ತಿಗೇರಿತು. "ಮತ್ತೆ ಅಲ್ಲಿ ಎಂತಕ್ಕೆ ಸುಮ್ಮನೆ ಕೂತದ್ದು ನೀನು? ಒಂದು ವಾರ ನಾನು ಸರಿಯಾಗಿ ಉಂಡಿಲ್ಲ. ಇಗರ್ಜಿಯಲ್ಲಿ ಸುಳ್ಳು ಹೇಳಿದ್ದೇನೆ. ಜನರ ರವಿಕೆ ಹಾಳು ಮಾಡಿದ್ದೇನೆ" ಎಂದು ಬಾಯಿಗೆ ಬಂದ ಹಾಗೆ ಬೈದೆ. ಏಕವಚನಕ್ಕೆ ಇಳಿದದ್ದು ನನಗೇ ಗೊತ್ತಾಗಲಿಲ್ಲ.

"ಎರಡು ಗುರುತು ತೋರಿಸಿದ್ದೆ. ಮೂರನೆಯದ್ದೂ ತೋರಿಸಿದ್ರೆ ನೀವು ಬಿಟ್ಟು ಹೋಗ್ತೀರಿ ಅಂತ ಕಂಡಿತು" ಎಂದ. "ಇವತ್ತು ನೀವೇ ತಪ್ಪು ಒಪ್ಪಿಕೊಂಡಾಗ ನಾನು ಬಾಯಿ ಬಿಡಲೇ ಇಲ್ಲ. ನೀವು ಗೇಟು ದಾಟಿದ ಮೇಲೆ ನೀವು ಬಿಟ್ಟ ಅರ್ಧ ಚಹಾ ನೋಡಿದೆ. ಕೂತುಕೊಳ್ಳಲಿಕ್ಕೆ ಆಗ್ಲಿಲ್ಲ."

ಉಪ್ಪಳ ದಾಟುವಾಗ ನನ್ನ ಬಾಯಲ್ಲಿದ್ದ ಮಾತು ಆಗ ನನಗೆ ನೆನಪಾಯಿತು. ಬೈಯುವುದನ್ನು ನಿಲ್ಲಿಸಿದೆ. "ಮರವೇ ಒಡೆದಿದೆಯಾ, ವಾರ್ನಿಷ್ ಮಾತ್ರವಾ?" ಎಂದು ಕೇಳಿದೆ.

"ವಾರ್ನಿಷ್ ಮಾತ್ರ. ಬನ್ನಿ, ತೋರಿಸ್ತೇನೆ." ಅವನ ಕೀಲಿಗೊಂಚಲಿನಲ್ಲಿ ಬೆರಳಿನಷ್ಟು ಸಣ್ಣ ಟಾರ್ಚ್ ಇತ್ತು. ತಂತಿಗಳನ್ನು ನಾನು ಸಡಿಲ ಮಾಡಿದ್ದರಿಂದ ಅವುಗಳ ಸಂದಿಯಲ್ಲಿ ಅದು ಗಿಟಾರಿನೊಳಗೆ ಇಳಿಯಿತು. ಮರ ಸೀಳಿದ್ದರೆ ಬೆಳಕು ಆ ಸೀಳಿನಿಂದ ಹೊರಗೆ ಬರಬೇಕು. ಆದರೆ ಬಿಸಿಲಿನಲ್ಲಿ ಏನು ಕಂಡೀತು? ನನ್ನ ಚೂಡಿದಾರದ ಶಾಲು ಬಿಚ್ಚಿ ಗಿಟಾರಿನ ಮೇಲೆ ಹೊದಿಸಿದೆ. ಆ ಶಾಲಿನೊಳಗೆ ಇಬ್ಬರೂ ತಲೆ ತೂರಿಸಿದೆವು. ಹೊರಗಿನಿಂದ ನೋಡಿದವರು ಏನೆಂದುಕೊಂಡರೋ. ಒಂದು ಬಸ್ಸು ನಮ್ಮನ್ನು ನೋಡಲಿಕ್ಕೆಂದೇ ನಿಧಾನವಾಗಿ ಹೋದಂತಿತ್ತು.

ಒಳಗೆ ಕತ್ತಲು. ನಾನು ಉಸಿರು ಬಿಗಿಹಿಡಿದು ಗೆರೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲೂ ಬೆಳಕು ಬರಲಿಲ್ಲ. ಮರ ಗಟ್ಟಿಯಾಗಿತ್ತು. "ಕಾಣ್ತದಾ?" ಎಂದು ಅವನು ಕೇಳಿದ. "ಇಲ್ಲ" ಎಂದೆ, ಮತ್ತು ಶಾಲಿನೊಳಗೇ ಅತ್ತುಬಿಟ್ಟೆ.

ಹೊರಡುವ ಮೊದಲು ಅವನು ಹಣದಲ್ಲಿ ಒಂದಷ್ಟು ವಾಪಸ್ ಕೊಟ್ಟ. ನಾನು ಬೇಡ ಎನ್ನಲಿಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹೊಸ ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಟ್ಟು, ಬಸ್ಸು ಬಂದಾಗ ಅವನೇ ಹತ್ತಿ ಒಂದು ಸೀಟು ಹಿಡಿದು ಕೊಟ್ಟ. ಇಂಜಿನ್ ಪೆಟ್ಟಿಗೆಯಿಂದ ದೂರದ ಸೀಟು.

ಅವನು ಅವತ್ತು ಬರದೆ ಇದ್ದಿದ್ದರೆ ಗಿಟಾರ್ ಹೀಗೇ ಇರುತ್ತಿತ್ತು, ಸ್ವರವೂ ಇದೇ. ಆದರೆ ಅದನ್ನು ಮಡಿಲಿಗೆ ಎತ್ತಿಕೊಂಡಾಗಲೆಲ್ಲ ಒಡೆದವಳು ನಾನು ಎಂದುಕೊಂಡೇ ನುಡಿಸುತ್ತಿದ್ದೆ. ಅವನ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎನ್ನಲಾರೆ. ಆ ಬಿಸಿಲಿಗೆ ಬರಿ ತಲೆಯಲ್ಲಿ ಬಂದು ನಿಂತದ್ದನ್ನು ಮರೆಯಲೂ ಆರೆ. ಇಗರ್ಜಿಯಲ್ಲಿ ಯಾರಾದರೂ ಗಿಟಾರ್ ನೋಡಲು ಬಂದರೆ ಚಹಾದ ಬಳೆ, ಬಾಗಿಲಿನ ಪೆಟ್ಟು, ಈ ಗೆರೆ, ಮೂರನ್ನೂ ನಾನೇ ಮೊದಲು ತೋರಿಸುತ್ತೇನೆ.

ಎರಡು ಮೂರು ತಿಂಗಳಿಗೊಮ್ಮೆ ಹಡಗು ಯಾವುದಾದರೂ ಬಂದರು ಮುಟ್ಟಿದಾಗ ಪುರುಷೋತ್ತಮನ ಮೆಸೇಜ್ ಬರುತ್ತದೆ. ಹೇಗಿದ್ದೀರಿ ಎಂದು ಕೇಳುವುದಿಲ್ಲ. "ಅಕ್ಕಾ, ಗೆರೆ ಉದ್ದ ಆಗಿದೆಯಾ?" ಎಂದಷ್ಟೇ ಇರುತ್ತದೆ. ನಾನು ಹೊಲಿಗೆ ನಿಲ್ಲಿಸಿ, ಕನ್ನಡಕ ಹಾಕಿ, ಇಂಚ್ ಟೇಪ್ ಹಿಡಿದು ಅಳೆದು ಉತ್ತರ ಕಳಿಸುತ್ತೇನೆ.

"ಎರಡೂಕಾಲು. ಅಷ್ಟೇ ಉಂಟು. ನೀನು ಹುಷಾರಾಗಿರು."