ಅರ್ಧ ಡಿಗ್ರಿಯ ಸೂರ್ಯಕಾಂತ
ಔಷಧ ರಸಾಯನಶಾಸ್ತ್ರದಲ್ಲಿ ಎಂ.ಫಾರ್ಮ್ ಓದುತ್ತಿರುವ ವಾಡಿಯ ಸೂರ್ಯಕಾಂತನ ಕಣ್ಣು ಸದಾ ತನ್ನ ಎಚ್.ಎಂ.ಟಿ. ಕೈಗಡಿಯಾರದ ಮೇಲೇ. ರಜೆಗೆ ಊರಿಗೆ ಬಂದರೆ ಚಹಾ ಕುದಿಯುವುದಕ್ಕೂ ನಿಮಿಷ ಎಣಿಸುತ್ತಾನೆ. ಉಪ್ಪನ್ನು ಬಿಸಿಲಿಗೆ ಹರವಿ, "ಪೂರಾ ಒಣಗಿಲ್ಲಬೇ ಅವ್ವಾ, ಇನ್ನಾ ಹತ್ ನಿಮಿಷ ಬಿಡು," ಎಂದು ಅಡುಗೆಯನ್ನೇ ತಡೆಯುತ್ತಾನೆ. "ಯಾವ ಗಾಡಿಗಿ ಹೊಂಟೀಯೋ?" ಎಂದು ಗೆಳೆಯರು ನಗುತ್ತಾರೆ. ಪ್ರಯೋಗಶಾಲೆಯಲ್ಲಿ ತಾನು ತಯಾರಿಸಿದ ಬಿಳಿ ಪುಡಿ ಅರ್ಧ ಡಿಗ್ರಿ ಮೊದಲೇ ಕರಗಿತು, ಪೂರ್ತಿ ಶುದ್ಧವಿಲ್ಲವೆಂದು ತಿಂಗಳ ಕೆಲಸವನ್ನೇ ಚೆಲ್ಲಿದವನು ಅವನು. "ಅರ್ಧ ಡಿಗ್ರಿ ತಾನೆ, ಸರಿಮಾಡಿ ಬರೆದುಬಿಡು" ಎಂದ ಜೊತೆಗಾರನೊಂದಿಗೆ ಇಂದಿಗೂ ಮಾತಿಲ್ಲ. ಆ ಪುಡಿ ಮೂರ್ಛೆರೋಗಕ್ಕೆ. ಅದು ಗುಳಿಗೆಯಾಗಲು ಹದಿನೈದು ವರ್ಷ ಬೇಕಾದೀತು, ಆಗದೆಯೂ ಹೋದೀತು ಎಂಬುದು ಅವನಿಗೆ ಗೊತ್ತು, ತಂಗಿ ಅನಸುಬಾಯಿಗೆ ಗೊತ್ತಿಲ್ಲ. ಮೊನ್ನೆ ಅಂಗಳದಲ್ಲಿ ಅವಳು ಮತ್ತೆ ಸೆಟೆದು ಬಿದ್ದಾಗ ಒಂದು ಕೈಯಲ್ಲಿ ಅವಳ ತಲೆ ಹಿಡಿದು, ಇನ್ನೊಂದು ಕೈಯ ಗಡಿಯಾರವನ್ನೇ ನೋಡುತ್ತ ಕೂತ. ನಾಲ್ಕು ನಿಮಿಷವಾಯಿತು, ಹೋದ ಸಲಕ್ಕಿಂತ ಒಂದು ಹೆಚ್ಚು. ಎಚ್ಚರವಾದವಳು ಎಂದಿನಂತೆ ಕೇಳಿದಳು: "ಈ ಸಲ ಎಷ್ಟ್ ನಿಮಿಷ ಇತ್ತಣ್ಣಾ?" ಸೂರ್ಯಕಾಂತ ಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡು, "ಭಾಳ ಕಮ್ಮಿ ಆಗ್ಯಾದವ್ವಾ, ಎರಡೇ ನಿಮಿಷ," ಎಂದ.